ಕಾಂಕ್ರೀಟ್ ಹಾಲ್‌ನಲ್ಲಿ ಮಂದ್ರ

ಬೆಂಗಳೂರಿನ ಆಡಿಯೊ ಹುಚ್ಚಿನವರಲ್ಲಿ, ತೀರ ತಗ್ಗಿನ ಶಬ್ದಗಳನ್ನಷ್ಟೇ ನುಡಿಸುವ ಸ್ಪೀಕರ್ ಪೆಟ್ಟಿಗೆಯಾದ ಸಬ್‌ವೂಫರ್ ಎಂದರೆ ಮೂಗು ಮುರಿಯುವವರು ಇವತ್ತಿಗೂ ಇದ್ದಾರೆ. ವಾಲ್ವ್ ಆಂಪ್ಲಿಫೈಯರ್ ಬಗ್ಗೆ ಅರ್ಧ ದಿನ ಮಾತನಾಡುತ್ತಾರೆ, ರೆಕಾರ್ಡಿನ ಮೇಲೆ ಸೂಜಿ ಕೂರುವ ಕೋನದ ಬಗ್ಗೆ ಜಗಳಕ್ಕೂ ನಿಲ್ಲುತ್ತಾರೆ. ಸಬ್‌ವೂಫರ್ ಎಂದ ಕೂಡಲೇ ಅದು ಸಿನಿಮಾ ನೋಡುವವರಿಗೆ, ಕಾರಿನ ಡಿಕ್ಕಿಯಲ್ಲಿ ಪೆಟ್ಟಿಗೆ ಕೂರಿಸಿಕೊಂಡು ತಿರುಗುವ ಹುಡುಗರಿಗೆ, ಗಣಪತಿ ಮೆರವಣಿಗೆಯ ಡಿಜೆ ಲಾರಿಗೆ ಎಂದು ತಳ್ಳಿಹಾಕುತ್ತಾರೆ. ಈ ತಾತ್ಸಾರ ಕಾರಣವಿಲ್ಲದ್ದೇನಲ್ಲ. ನಾವೆಲ್ಲ ಕೇಳಿರುವ ಸಬ್‌ವೂಫರ್‌ಗಳಲ್ಲಿ ಹೆಚ್ಚಿನವು ಸಿಕ್ಕ ಮೂಲೆಗೆ ತಳ್ಳಿ, ಸದ್ದಿನ ಮಟ್ಟದ ಗೇನ್ ಗುಂಡಿಯನ್ನು ಮನಸ್ಸಿಗೆ ಬಂದಷ್ಟು ತಿರುಗಿಸಿಟ್ಟವು. ಅಂಗಡಿಯ ಡೆಮೊ ಕೋಣೆಯಲ್ಲಂತೂ ಗಿರಾಕಿಯ ಎದೆ ನಡುಗಬೇಕು, ಆಗಲೇ ಕೈ ಜೇಬಿಗೆ ಹೋಗುವುದು.

ನನ್ನ ವಾದ ಇಷ್ಟೇ. ಒಳ್ಳೆಯ ಎರಡು ಸ್ಪೀಕರ್‌ಗಳ ಸ್ಟೀರಿಯೊ ಇರುವವರು ಮುಂದಿನ ಹಣವನ್ನು ಹೊಸ ಆಂಪ್ಲಿಫೈಯರ್‌ಗೆ ಸುರಿಯುವ ಮೊದಲು ಸಬ್‌ವೂಫರ್ ಬಗ್ಗೆ ಯೋಚಿಸಬೇಕು. ಯೋಚಿಸುವಾಗ ಪೆಟ್ಟಿಗೆಯ ಬೆಲೆಗಿಂತ ಹೆಚ್ಚಾಗಿ ತಮ್ಮ ಹಾಲ್‌ನ ಉದ್ದ, ಅಗಲ ಮತ್ತು ಸೋಫಾ ಇಟ್ಟಿರುವ ಜಾಗವನ್ನು ಅಳೆದು ನೋಡಬೇಕು. ನಮ್ಮ ಸಿಮೆಂಟು ಮನೆಗಳಲ್ಲಿ ಇದು ಇನ್ನೂ ಮುಖ್ಯ.

ಮೊದಲು, ನಾವು ಕೇಳುವ ಸಂಗೀತದಲ್ಲಿ ಅಷ್ಟು ಕೆಳಗೆ ಇರುವುದಾದರೂ ಏನು? ಪಿಯಾನೊದ ಎಡತುದಿಯ ಕಟ್ಟಕಡೆಯ ಮನೆ 27.5 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ನಾಲ್ಕು ತಂತಿಯ ಬೇಸ್ ಗಿಟಾರ್‌ನ ಅತಿ ತಗ್ಗಿನ ತಂತಿ 41 ಹರ್ಟ್ಸ್. ದೊಡ್ಡ ಚರ್ಚ್‌ಗಳ ಪೈಪ್ ಆರ್ಗನ್‌ಗಳಲ್ಲಿ 16 ಹರ್ಟ್ಸ್‌ಗೆ ಇಳಿಯುವ ಕೊಳವೆಗಳೂ ಇವೆ. ಅವು ಕಿವಿಗಿಂತ ಮೊದಲು ಮೈಗೆ ತಿಳಿಯುತ್ತವೆ. ನಮ್ಮ ಶಾಸ್ತ್ರೀಯ ಸಂಗೀತದ ಲೆಕ್ಕ ಬೇರೆ. ಹಾರ್ಮೋನಿಯಂನ ಐದನೇ ಬಿಳಿ ಮನೆಯ, ಅಂದರೆ ಬಿಳಿ ಐದರ ಶ್ರುತಿಯಲ್ಲಿ ಹಾಡುವ ಗಾಯಕಿಯ ಷಡ್ಜ 196 ಹರ್ಟ್ಸ್ ಆಸುಪಾಸಿನದು, ಆಕೆಯ ತಂಬೂರಿಯ ಮಂದ್ರ ಷಡ್ಜ ಅದರ ಅರ್ಧ, 98. ಸಾಧಾರಣ ಪುಸ್ತಕದ ಗೂಡಿನ ಸ್ಪೀಕರ್ ಕೂಡ ಇದನ್ನು ಸಲೀಸಾಗಿ ನುಡಿಸುತ್ತದೆ. ಬಿಳಿ ಒಂದರ ಶ್ರುತಿಯ ಗಾಯಕನಾದರೆ ಮಂದ್ರ ಷಡ್ಜ 65ಕ್ಕೆ ಇಳಿಯುತ್ತದೆ, ಮೃದಂಗದ ಎಡಮುಚ್ಚಿಗೆಯೂ ಅದರ ನೆರೆಯಲ್ಲೇ ಇರುತ್ತದೆ. ಚಿಕ್ಕ ಸ್ಪೀಕರ್‌ಗಳು ಕೈಚೆಲ್ಲುವುದು ಅಲ್ಲಿಂದ.

ಹಾಗಿದ್ದರೂ ಮೊಬೈಲ್‌ನ ಪುಟ್ಟ ಸ್ಪೀಕರ್‌ನಲ್ಲಿ ತಂಬೂರಿಯ ಆ ಮಂದ್ರ ಷಡ್ಜ ನಮಗೆ ಕೇಳಿದಂತೆಯೇ ಇರುತ್ತದಲ್ಲ, ಅದು ಹೇಗೆ? ಸಿ.ವಿ. ರಾಮನ್ ಅವರು ಬೆಂಗಳೂರಿಗೆ ಬರುವ ಎಷ್ಟೋ ಮೊದಲೇ, 1921ರಲ್ಲಿ, ತಂಬೂರಿ ಮತ್ತು ವೀಣೆಯ ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಗಳ ಬಗ್ಗೆ ಬರೆದಿದ್ದರು. ತಂಬೂರಿಯ ತಂತಿ ಬಾಗಿದ ಅಗಲ ಕುದುರೆಯನ್ನು ಸವರುತ್ತ ಕಂಪಿಸುವುದರಿಂದ ಮೇಲ್ಸ್ವರಗಳು, ಅಂದರೆ ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟು ಕಂಪನದ ಸ್ವರಗಳು, ಯಥೇಚ್ಛವಾಗಿ ಹುಟ್ಟುತ್ತವೆ. ಮೇಲ್ಸ್ವರಗಳ ಸಾಲು ಸಿಕ್ಕರೆ ಸಾಕು, ಮೂಲಸ್ವರ ಇಲ್ಲದಿದ್ದರೂ ನಮ್ಮ ಮೆದುಳು ಅದನ್ನು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಹಾಗಾಗಿ ಸಬ್‌ವೂಫರ್ ಬಂದರೆ ತಂಬೂರಿಯಲ್ಲಿ ಹೊಸ ಸ್ವರವೇನೂ ಕೇಳುವುದಿಲ್ಲ, ಇದ್ದ ಸ್ವರಕ್ಕೆ ಮೈ ಬರುತ್ತದೆ. ಎಡಮುಚ್ಚಿಗೆಯ ಗುಮ್ಕಿಯ, ಆ ತುಂಬು ತಗ್ಗಿನ ನಾದದ, ಕಥೆ ಬೇರೆ. ರವೆ ಮೆತ್ತಿದ ಆ ಚರ್ಮದ ನಾದದಲ್ಲಿ ತಂಬೂರಿಯಷ್ಟು ಮೇಲ್ಸ್ವರಗಳ ಸಂಪತ್ತಿಲ್ಲ. ಸ್ಪೀಕರ್ ಕೆಳಗಿನದನ್ನು ನುಡಿಸದಿದ್ದರೆ ಉಳಿಯುವುದು ಅಂಗೈ ಬಡಿದ ಸದ್ದು ಮಾತ್ರ. ತನಿ ಆವರ್ತನದ ಅರ್ಧ ಸೊಗಸು ಎಡಗೈಯಲ್ಲಿದೆ ಎಂದು ನಂಬುವವನು ನಾನು. ನನ್ನ ಮಟ್ಟಿಗೆ ಈ ಯಂತ್ರಕ್ಕೆ ಅಷ್ಟೇ ಸಮರ್ಥನೆ ಸಾಕು.

ಜೊತೆಗೆ ಬೇಡದ್ದೂ ಬರುತ್ತದೆ ಎಂಬುದನ್ನು ಮುಚ್ಚಿಡಬಾರದು. ಪೆಂಡಾಲಿನಲ್ಲಿ ಮುದ್ರಿಸಿದ ಹಳೆಯ ರಾಮನವಮಿ ಕಚೇರಿಗಳಲ್ಲಿ ಹಿಂದಿನ ರಸ್ತೆಯ ಲಾರಿ, ಜನರೇಟರ್, ಯಾರೋ ವೇದಿಕೆ ಹತ್ತಿದ ಹೆಜ್ಜೆ, ಮೈಕ್ ಸ್ಟ್ಯಾಂಡ್‌ಗೆ ಮೊಣಕಾಲು ತಗುಲಿದ ಧಡ್, ಎಲ್ಲವೂ 50 ಹರ್ಟ್ಸ್‌ನ ಕೆಳಗೆ ಸುಖವಾಗಿ ಮಲಗಿರುತ್ತವೆ. ಸಬ್‌ವೂಫರ್ ಅವನ್ನು ಎಬ್ಬಿಸುತ್ತದೆ. ಕೆಲವರಿಗೆ ಇದು ಕಿರಿಕಿರಿ. ನನಗೆ ಆ ಜಾಗದ ಗಾತ್ರ ತಿಳಿಯುವುದೇ ಈ ಸದ್ದುಗಳಿಂದ. ಒಳ್ಳೆಯ ಸಭಾಂಗಣದ ಮುದ್ರಣದಲ್ಲಿ ಯಾರೂ ಹಾಡದಿರುವ ಕ್ಷಣದಲ್ಲೂ ಗಾಳಿಯದೊಂದು ಮಂದ ಗುನುಗು ಇರುತ್ತದೆ. ಅದು ಬಂದಾಗ ಗೋಡೆಗಳು ಹಿಂದೆ ಸರಿದಂತಾಗುತ್ತದೆ. ಗಾಯಕಿಯರ ಧ್ವನಿಮುದ್ರಿಕೆಗಳನ್ನಷ್ಟೇ ಕೇಳುವವರಿಗೆ, ಅದೂ ಸ್ಟುಡಿಯೊದಲ್ಲಿ ಮುದ್ರಿಸಿದವನ್ನು, ಸಬ್‌ವೂಫರ್ ಬೇಡ ಎಂದೇ ನಾನು ಹೇಳುತ್ತೇನೆ. ಸಿನಿಮಾ ಹಾಡು, ಜಾಝ್, ಆರ್ಕೆಸ್ಟ್ರಾ ಕೇಳುವವರಿಗೆ ಎರಡನೇ ಯೋಚನೆಯ ಅಗತ್ಯವಿಲ್ಲ.

ಈಗ ಕೋಣೆ. ಈ ವಿಷಯದ ಇಂಗ್ಲಿಷ್ ಪುಸ್ತಕಗಳಲ್ಲಿ ಹಲವು ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದ ಅಮೆರಿಕದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅಂಥ ಗೋಡೆ ತಗ್ಗಿನ ಶಬ್ದಕ್ಕೆ ತಾನೂ ಕೊಂಚ ಬಾಗಿ, ಅದರ ಶಕ್ತಿಯಲ್ಲಿ ಒಂದು ಪಾಲನ್ನು ನುಂಗಿಕೊಳ್ಳುತ್ತದೆ. ನಮ್ಮ ಇಟ್ಟಿಗೆ ಗೋಡೆ, ಆರ್‌ಸಿಸಿ ಚಾವಣಿ, ಗ್ರಾನೈಟ್ ಅಥವಾ ವಿಟ್ರಿಫೈಡ್ ಟೈಲ್ಸ್ ನೆಲ ನುಂಗುವುದಿಲ್ಲ. ಬಂದದ್ದನ್ನು ಹೆಚ್ಚುಕಡಿಮೆ ಹಾಗೆಯೇ ಹಿಂದಕ್ಕೆ ಅಟ್ಟುತ್ತವೆ. 40 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 28 ಅಡಿ. ನಮ್ಮಲ್ಲಿ ಹೆಚ್ಚಿನವರ ಹಾಲ್ ಅಷ್ಟು ಉದ್ದವಿಲ್ಲ. ಗೋಡೆಯಿಂದ ಗೋಡೆಗೆ ಪುಟಿಯುವ ಅಲೆಗಳು ಕೆಲವು ಕಂಪನಾಂಕಗಳಲ್ಲಿ ಒಂದರ ಮೇಲೊಂದು ಕೂತು ನಿಂತುಬಿಡುತ್ತವೆ. ಶಬ್ದದ ವೇಗವನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಮೊದಲ ಅಂಥ ಕಂಪನಾಂಕ ಸಿಗುತ್ತದೆ. 18 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಹಾಲ್‌ಗೆ ಅವು 31, 47 ಮತ್ತು 56 ಹರ್ಟ್ಸ್. ಉದ್ದದ ಎರಡನೆಯದು 63. ಬಿಳಿ ಒಂದರ ಮಂದ್ರ ಷಡ್ಜ 65 ಎಂದೆನಲ್ಲ? ಈ ಹಾಲ್‌ನಲ್ಲಿ ತಂಬೂರಿಯ ನಾಲ್ಕನೆಯ ತಂತಿಗೆ ಮಾತ್ರ ಯಾರೋ ಪ್ರತ್ಯೇಕ ಮೈಕ್ ಇಟ್ಟಂತೆ ಕೇಳುತ್ತದೆ. 12ಕ್ಕೆ 12ರ ಚೌಕ ಕೋಣೆಯಾದರೆ ಇನ್ನೂ ಕಷ್ಟ, ಉದ್ದ ಅಗಲಗಳ ಎರಡೂ ಉಬ್ಬು 47ರಲ್ಲೇ ಬಂದು ಕೂರುತ್ತವೆ.

ಸೋಫಾವನ್ನು ಹಿಂಗೋಡೆಗೆ ಒತ್ತಿ ಇಡುವುದು ನಮ್ಮ ಮನೆಗಳ ಅಲಿಖಿತ ಕಾನೂನು. ಉದ್ದದ ಅಲೆಗಳೆಲ್ಲ ತಮ್ಮ ಪೂರ್ಣ ಬಲದಲ್ಲಿರುವುದು ಸರಿಯಾಗಿ ಅಲ್ಲೇ. ನಟ್ಟನಡುವೆ ಕೂತರೆ 31 ಹರ್ಟ್ಸ್ ಮಾಯವಾಗುತ್ತದೆ, 63 ಉಬ್ಬಿಯೇ ಇರುತ್ತದೆ. ಹಿಂಗೋಡೆಯಿಂದ ಕೋಣೆಯ ಉದ್ದದ ಮೂರನೇ ಒಂದು ಭಾಗ ಮುಂದೆ ಬಂದು ಕೂತರೆ ಎರಡೂ ಮಧ್ಯಮ ಮಟ್ಟದಲ್ಲಿರುತ್ತವೆ. ಆರು ಅಡಿ ಮುಂದೆ! ಮನೆಯಲ್ಲಿ ಇದನ್ನು ಒಪ್ಪಿಸಲು ಬೇಕಾದ ಚಾತುರ್ಯ ಯಾವ ಕೈಪಿಡಿಯಲ್ಲೂ ಇಲ್ಲ. ಎರಡು ಅಡಿ ಸಿಕ್ಕರೂ ತೆಗೆದುಕೊಳ್ಳಿ.

ಮಲೆನಾಡು, ಕರಾವಳಿ ಕಡೆಯ ಹೆಂಚಿನ ಮನೆಯವರ ಸಮಸ್ಯೆ ತದ್ವಿರುದ್ಧ. ಅಲ್ಲಿ ತಗ್ಗಿನ ಶಬ್ದ ಹೆಂಚಿನ ಸಂದಿಗಳಿಂದ, ಹಲಗೆಯ ಅಟ್ಟದಿಂದ ಸೋರಿಹೋಗುತ್ತದೆ. ನಗರದ ಫ್ಲಾಟ್‌ನಲ್ಲಿ ಗುಡುಗುತ್ತಿದ್ದ ಪೆಟ್ಟಿಗೆ ಅಲ್ಲಿ ಸೊರಗಿದಂತೆ ಕೇಳಿದರೆ ಅದನ್ನು ದೂರಬೇಡಿ.

ಆಯ್ಕೆಗೆ ಬಂದರೆ ಮೊದಲ ಕವಲು ಮುಚ್ಚಿದ ಪೆಟ್ಟಿಗೆಯೋ, ಗಾಳಿಯಾಡಲು ಪೋರ್ಟ್ ಎಂಬ ಕೊಳವೆ ಇರುವುದೋ ಎಂಬುದು. ಪೋರ್ಟ್ ಇರುವುದು ಅದೇ ಗಾತ್ರದ ಕೋನ್‌ನಿಂದ, ಅಂದರೆ ಗಾಳಿ ತಳ್ಳುವ ಶಂಕುವಿನಿಂದ, 20–30 ಹರ್ಟ್ಸ್‌ನಲ್ಲಿ ಹೆಚ್ಚು ಸದ್ದು ತೆಗೆಯುತ್ತದೆ, ಆದರೆ ತನ್ನ ಮಿತಿ ದಾಟಿದ ಮೇಲೆ ಪ್ರತಿ ಸ್ಥಾಯಿಗೆ, ಅಂದರೆ ಕಂಪನಾಂಕ ಅರ್ಧವಾದಾಗಲೆಲ್ಲ, ಸುಮಾರು 24 ಡೆಸಿಬೆಲ್‌ನಂತೆ ಕುಸಿಯುತ್ತದೆ. ಮುಚ್ಚಿದ್ದು ಬೇಗ ಇಳಿಯಲು ತೊಡಗಿದರೂ ಸ್ಥಾಯಿಗೆ 12ರಂತೆ ನಿಧಾನವಾಗಿ ಇಳಿಯುತ್ತದೆ. ಕಾಂಕ್ರೀಟ್ ಕೋಣೆ ತನ್ನ ಮೊದಲ ಕಂಪನಾಂಕದ ಕೆಳಗೆ ತಾನೇ ಒಂದಿಷ್ಟು ಬೇಸ್ ಸೇರಿಸುತ್ತದೆ, ಬಾಗಿಲು ಕಿಟಕಿ ಮುಚ್ಚಿದಷ್ಟೂ ಹೆಚ್ಚು. ಆ ಏರಿಕೆ ಈ ನಿಧಾನದ ಇಳಿಕೆಯನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಹೀಗಾಗಿ ನಮ್ಮ ಹಾಲ್‌ಗಳಲ್ಲಿ ಸಂಗೀತಕ್ಕೆ ನಾನು ಕಣ್ಣುಮುಚ್ಚಿ ಮುಚ್ಚಿದ ಪೆಟ್ಟಿಗೆಯನ್ನೇ ಹೇಳುವುದು. ಸಿನಿಮಾದ ಸ್ಫೋಟಗಳೇ ಮುಖ್ಯವಾದವರು ಪೋರ್ಟ್ ಕಡೆ ಹೋಗಲಿ. ಕೋನ್‌ನ ಗಾತ್ರದಲ್ಲಿ ಮಾತ್ರ ಜಿಪುಣತನ ಬೇಡ. ಅಷ್ಟೇ ಸದ್ದು ಒಂದು ಸ್ಥಾಯಿ ಕೆಳಗೆ ಬೇಕೆಂದರೆ ನಾಲ್ಕು ಪಟ್ಟು ಗಾಳಿ ಸರಿಸಬೇಕು. 12 ಇಂಚಿನ ಕೋನ್‌ಗೆ 8 ಇಂಚಿನದರ ಎರಡು ಪಟ್ಟಿಗೂ ಮಿಗಿಲಾದ ವಿಸ್ತಾರವಿದೆ. ಪುಟ್ಟ ಪೆಟ್ಟಿಗೆಯ ಮೇಲೆ ಬರೆದ ವ್ಯಾಟ್‌ಗಳ ಸಂಖ್ಯೆ ಈ ಲೆಕ್ಕವನ್ನು ಬದಲಿಸುವುದಿಲ್ಲ.

ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವ ಯೋಚನೆಯುಳ್ಳವರಿಗೆ ಒಂದು ಮಾತು. ಒಳ್ಳೆಯ ಸಬ್‌ವೂಫರ್ 20 ಕಿಲೊ ದಾಟುವುದು ಸಾಮಾನ್ಯ, ವಿಮಾನದ ಒಂದು ಸೂಟ್‌ಕೇಸಿಗೆ ಬಿಡುವ 23 ಕಿಲೊ ಅದಕ್ಕೇ ಸರಿಹೋಗುತ್ತದೆ. ಅದಕ್ಕಿಂತ ಮುಖ್ಯ, ಅಲ್ಲಿನ ಎಷ್ಟೋ ಮಾದರಿಗಳ ಒಳಗಿನ ಆಂಪ್ಲಿಫೈಯರ್ 120 ವೋಲ್ಟ್‌ಗೆ ಮಾತ್ರ ಕಟ್ಟಿದ್ದು. ನಮ್ಮ 230ಕ್ಕೆ ಚುಚ್ಚಿದರೆ ಹೊಗೆಯೇ ಗತಿ. ಹಿಂದಿನ ಫಲಕದಲ್ಲಿ 100–240 ಎಂದು ಬರೆದಿದ್ದರೆ ಮಾತ್ರ ಮುಂದುವರಿಯಿರಿ.

ಒಂದೋ ಎರಡೋ ಎನ್ನುವ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ. ಒಂದು ದೊಡ್ಡದರ ಹಣದಲ್ಲಿ ಎರಡು ನಡುಗಾತ್ರದವು ಬರುವುದಾದರೆ ಎರಡನ್ನು ತನ್ನಿ. ಆಡಿಯೊ ಉಪಕರಣಗಳ ಹಾರ್ಮನ್ ಸಂಸ್ಥೆಯಲ್ಲಿದ್ದ ಟಾಡ್ ವೆಲ್ಟಿ 2002ರಲ್ಲಿ ಎಷ್ಟು ಸಬ್‌ವೂಫರ್ ಇದ್ದರೆ ಸಾಕು ಎಂಬ ಪ್ರಶ್ನೆಯನ್ನೇ ಎತ್ತಿಕೊಂಡು ಲೆಕ್ಕ ಹಾಕಿ ನೋಡಿದರು. ನಾಲ್ಕು ಗೋಡೆಗಳ ನಡುಬಿಂದುವಿನಲ್ಲಿ ನಾಲ್ಕು ಇಟ್ಟರೆ ಎಲ್ಲ ಆಸನಗಳಿಗೂ ಸಮನಾದ ಬೇಸ್ ಸಿಗುತ್ತದೆ; ಎದುರುಬದುರು ಗೋಡೆಗಳ ನಡುವೆ ಎರಡೇ ಇಟ್ಟರೂ ಫಲಿತಾಂಶ ಅದಕ್ಕೆ ಹತ್ತಿರ ಬರುತ್ತದೆ. ಕೋಣೆಯ ಎರಡು ತುದಿಗಳಿಂದ ಒಟ್ಟಿಗೆ ತಳ್ಳಿದಾಗ ಮೊದಲ ನಿಂತ ಅಲೆ ಎದ್ದೇಳುವುದಿಲ್ಲ, ಅದೇ ಇದರ ಗುಟ್ಟು. ಎಡಕ್ಕೊಂದು ಬಲಕ್ಕೊಂದು ಇಟ್ಟು ಸ್ಟೀರಿಯೊ ಬೇಸ್ ಪಡೆಯುತ್ತೇವೆ ಎನ್ನುವವರೂ ಇದ್ದಾರೆ. ಎಲ್‌ಪಿ ರೆಕಾರ್ಡುಗಳಲ್ಲಿ ಸೂಜಿ ಗೀರಿನಿಂದ ಹಾರದಿರಲೆಂದು ತಗ್ಗಿನ ಶಬ್ದವನ್ನು ಸಾಮಾನ್ಯವಾಗಿ ಎರಡೂ ಕಡೆಗೆ ಒಂದೇ ಮಾಡಿ ಕೊರೆದಿರುತ್ತಾರೆ. ಆದ್ದರಿಂದ ಆ ವಾದ ನನ್ನ ಮೇಲೆ ಹೆಚ್ಚು ಪರಿಣಾಮ ಬೀರಿಲ್ಲ.

ಜೋಡಿಸುವ ದಾರಿ ಮುಖ್ಯವಾಗಿ ಎರಡು. ಒಂದು, ಆಂಪ್ಲಿಫೈಯರ್‌ನ ಹಿಂದೆ ಪ್ರಿ-ಔಟ್ ಅಥವಾ ಸಬ್-ಔಟ್ ಎಂದು ಬರೆದ ಕಿಂಡಿಯಿಂದ ಆರ್‌ಸಿಎ ಎಂಬ ಮಾಮೂಲಿ ಆಡಿಯೊ ಕೇಬಲ್ ಎಳೆಯುವುದು. ಇನ್ನೊಂದು, ಮುಖ್ಯ ಸ್ಪೀಕರ್‌ಗಳ ತಂತಿ ಹೊರಡುವ ಟರ್ಮಿನಲ್‌ಗಳಿಂದಲೇ ಸಬ್‌ವೂಫರ್‌ಗೂ ತಂತಿ ಎಳೆಯುವುದು. ಇದಕ್ಕೆ ಹೈ-ಲೆವೆಲ್ ಜೋಡಣೆ ಎನ್ನುತ್ತಾರೆ; 1990ರಲ್ಲಿ ಬ್ರಿಟನ್‌ನಲ್ಲಿ ಶುರುವಾದ ಆರ್‌ಇಎಲ್ ಸಂಸ್ಥೆ ಇದನ್ನು ತನ್ನ ಧರ್ಮವನ್ನಾಗಿಯೇ ಮಾಡಿಕೊಂಡಿದೆ. ಸಬ್‌ವೂಫರ್‌ನ ಈ ಒಳದಾರಿಯ ಪ್ರತಿರೋಧ ಸಾವಿರಾರು ಓಮ್‌ಗಳಷ್ಟಿರುವುದರಿಂದ ನಿಮ್ಮ ಆಂಪ್ಲಿಫೈಯರ್‌ಗೆ ಹೊರೆ ಬೀಳುವುದಿಲ್ಲ. ವಾಲ್ಯೂಮ್ ಏರಿಸಿದಂತೆ ಅದೂ ಏರುತ್ತದೆ. ಪ್ರಿ-ಔಟ್ ಇಲ್ಲದ ಹಳೆಯ ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಇರುವವರಿಗೆ ಇದು ವರ. ಆಂಪ್ಲಿಫೈಯರ್‌ನ ಗುಣವೇ ಸಬ್‌ವೂಫರ್‌ಗೂ ಹರಿದುಬರುತ್ತದೆ ಎಂಬ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ವಾಲ್ವ್ ಆಂಪ್ಲಿಫೈಯರ್‌ಗಳ ವಿಷಯದಲ್ಲಿ ಅದರಲ್ಲಿ ಹುರುಳಿದೆ, ಸ್ಪೀಕರ್‌ನ ಪ್ರತಿರೋಧ ಏರಿಳಿದಂತೆ ಅವುಗಳ ಧ್ವನಿಯೂ ಏರಿಳಿಯುತ್ತದೆ. ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲಿ ಅಂಥ ವ್ಯತ್ಯಾಸ ಹುಡುಕುವುದು ನನ್ನ ಕಿವಿಯ ಕೆಲಸವಲ್ಲ.

ಹೈ-ಲೆವೆಲ್ ಜೋಡಣೆಯಲ್ಲಿ ಅಪಾಯವಿರುವುದು ಸಬ್‌ವೂಫರ್ ಕೇಬಲ್‌ನ ಕಪ್ಪು ತಂತಿಯಲ್ಲಿ, ಅಂದರೆ ಗ್ರೌಂಡ್‌ಗೆ ಹೋಗುವುದರಲ್ಲಿ. ಸಾಮಾನ್ಯ ಆಂಪ್ಲಿಫೈಯರ್‌ನಲ್ಲಿ ಸ್ಪೀಕರ್‌ನ ಮೈನಸ್ ಟರ್ಮಿನಲ್ ಗ್ರೌಂಡ್ ಆಗಿರುತ್ತದೆ, ಕಪ್ಪು ತಂತಿ ಅಲ್ಲಿಗೆ ಹೋಗುತ್ತದೆ. ಅನೇಕ ಕ್ಲಾಸ್-ಡಿ ಆಂಪ್ಲಿಫೈಯರ್‌ಗಳಲ್ಲಿ ಮತ್ತು ಪೂರ್ತಿ ಬ್ಯಾಲೆನ್ಸ್ಡ್ ಆಂಪ್ಲಿಫೈಯರ್‌ಗಳಲ್ಲಿ ಪ್ಲಸ್ ಮೈನಸ್ ಎರಡರಲ್ಲೂ ಸಂಕೇತ ಹರಿಯುತ್ತಿರುತ್ತದೆ. ಅಲ್ಲಿ ಮೈನಸ್‌ಗೆ ಕಪ್ಪನ್ನು ಜೋಡಿಸಿದರೆ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಅಂಥವಕ್ಕೆ ಕಪ್ಪು ತಂತಿಯನ್ನು ಆಂಪ್ಲಿಫೈಯರ್‌ನ ಲೋಹದ ಮೈಯ ಗ್ರೌಂಡ್ ಸ್ಕ್ರೂಗೆ ಬಿಗಿಯಬೇಕು. ನಿಮ್ಮದು ಯಾವ ಬಗೆಯದೆಂದು ತಯಾರಕರ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳದೆ ತಂತಿ ಮುಟ್ಟಬೇಡಿ. ಮುಟ್ಟುವಾಗ ಎಲ್ಲದರ ಪ್ಲಗ್ ಕಿತ್ತಿರಲಿ.

ಚಿಕ್ಕ ಸ್ಪೀಕರ್ ಇರುವವರು ಇನ್ನೂ ಒಂದು ಹೆಜ್ಜೆ ಯೋಚಿಸಬಹುದು. ಬಿಬಿಸಿಯು 1970ರ ದಶಕದಲ್ಲಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ರೂಪಿಸಿದ ಎಲ್‌ಎಸ್3/5ಎ ಮಾದರಿಯನ್ನು ಇಂದಿಗೂ ಪೂಜಿಸುವವರಿದ್ದಾರೆ. ಅದರ ಐದಿಂಚಿನ ಕೋನ್‌ನಿಂದ ಮಂದ್ರವನ್ನು ಬೇಡುವುದೇ ಅನ್ಯಾಯ. ಹೈ-ಪಾಸ್ ಫಿಲ್ಟರ್ ಇಟ್ಟು 80 ಹರ್ಟ್ಸ್‌ನ ಕೆಳಗಿನದು ಅದಕ್ಕೆ ತಲುಪದಂತೆ ಮಾಡಿದರೆ ಆ ಕೋನ್ ನಿರಾಳವಾಗುತ್ತದೆ, ಮಧ್ಯಸ್ಥಾಯಿಯ ಗಾಯನ ತಿಳಿಯಾಗುತ್ತದೆ. ಇಂಟರ್ನೆಟ್‌ನಿಂದ ಹಾಡು ನುಡಿಸುವ ಈಚಿನ ಕೆಲವು ಸ್ಟ್ರೀಮರ್‌ಗಳಲ್ಲಿ ಈ ಸೌಲಭ್ಯ ಒಳಗೇ ಇದೆ. ನೆಲದ ಮೇಲೆ ನಿಲ್ಲುವ ದೊಡ್ಡ ಸ್ಪೀಕರ್‌ಗಳಿಗೆ ಇದು ಬೇಡ. ಅವನ್ನು ಪೂರ್ತಿ ಹಾಡಲು ಬಿಟ್ಟು ಸಬ್‌ವೂಫರ್‌ನ ಕ್ರಾಸ್‌ಓವರ್ ಅನ್ನು, ಅಂದರೆ ಅದು ನುಡಿಸುವ ಮೇಲ್ಮಿತಿಯನ್ನು, 40–50ಕ್ಕೆ ಇಳಿಸಿ. ಏನೇ ಮಾಡಿದರೂ 80ರ ಮೇಲೆ ಹೋಗದಿರುವುದು ಕ್ಷೇಮ. ಅಲ್ಲಿಂದಾಚೆಗೆ ಸದ್ದು ಯಾವ ಮೂಲೆಯಿಂದ ಬರುತ್ತಿದೆ ಎಂದು ಕಿವಿ ಪತ್ತೆಹಚ್ಚಲು ಶುರುಮಾಡುತ್ತದೆ.

ಎಲ್ಲ ಜೋಡಿಸಿ ಸ್ವಿಚ್ ಹಾಕಿದೊಡನೆ ಗುಂಯ್ ಎಂಬ ಸದ್ದು ಬಂದರೆ ಅದು ನಮ್ಮ ವಿದ್ಯುತ್ತಿನ 50 ಹರ್ಟ್ಸ್. ಸಬ್‌ವೂಫರ್ ಚೆನ್ನಾಗಿ ನುಡಿಸುವ ಕಂಪನಾಂಕವೂ ಅದೇ ಆಗಿರುವುದು ವಿಧಿಯ ವ್ಯಂಗ್ಯ. ಆಂಪ್ಲಿಫೈಯರ್ ಒಂದು ಗೋಡೆಯ ಸಾಕೆಟ್‌ನಲ್ಲಿ, ಸಬ್‌ವೂಫರ್ ಇನ್ನೊಂದರಲ್ಲಿ ಇದ್ದಾಗ ಎರಡು ಅರ್ಥಿಂಗ್‌ಗಳ ನಡುವೆ ಕೇಬಲ್‌ನ ಮೂಲಕ ಸುತ್ತು ಏರ್ಪಡುತ್ತದೆ. ಎರಡನ್ನೂ ಒಂದೇ ಸಾಕೆಟ್‌ನ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದರೆ ಬಹಳ ಸಲ ಹೋಗುತ್ತದೆ. ಹೋಗದಿದ್ದರೆ ಆರ್‌ಸಿಎ ದಾರಿಯಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಪ್ಲಗ್‌ನ ಮೇಲಿನ ದಪ್ಪ ಪಿನ್ ಕಿತ್ತು ಹಾಕಿದರೆ ಸರಿಹೋಗುತ್ತದೆ ಎಂದು ಸಲಹೆ ಕೊಡುವ ಎಲೆಕ್ಟ್ರಿಷಿಯನ್‌ಗೆ ಕಾಫಿ ಕೊಟ್ಟು ಕಳಿಸಿಬಿಡಿ. ಆ ಪಿನ್ ಪ್ರಾಣ ಕಾಯುವುದಕ್ಕಿದೆ.

ಜಾಗ ಹುಡುಕುವ ಹಳೆಯ ಉಪಾಯ ನೋಡುವವರಿಗೆ ನಗು ತರಿಸುವಂಥದ್ದು. ಸಬ್‌ವೂಫರ್ ಅನ್ನು ನೀವು ಕೂರುವ ಜಾಗದಲ್ಲಿಟ್ಟು, ತಗ್ಗಿನ ಸ್ವರಗಳು ಏರಿಳಿಯುವ ಹಾಡು ಹಾಕಿ, ನೆಲದ ಮೇಲೆ ಅಂಬೆಗಾಲಿಡುತ್ತ ಗೋಡೆಗುಂಟ ಹೋಗಬೇಕು. ಎಲ್ಲ ಸ್ವರಗಳೂ ಒಂದೇ ಸಮ ಕೇಳುವ ಜಾಗವೇ ಪೆಟ್ಟಿಗೆಯ ಜಾಗ. ಅಳತೆಯ ಮೈಕ್ ಮತ್ತು ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝರ್ಡ್ ತಂತ್ರಾಂಶ ಇದ್ದರೆ ಮರ್ಯಾದೆಯಿಂದ ಕುರ್ಚಿಯಲ್ಲಿ ಕೂತೇ ಇದನ್ನು ಮಾಡಬಹುದು. ಪರದೆಯ ಮೇಲಿನ ಗೆರೆಯಲ್ಲಿ ಉಬ್ಬುಗಳಿದ್ದರೆ ಈಕ್ವಲೈಜರ್‌ನಿಂದ ಕತ್ತರಿಸಿ. ಆಳವಾದ ಹಳ್ಳವಿದ್ದರೆ ತುಂಬಲು ಹೋಗಬೇಡಿ. 10 ಡೆಸಿಬೆಲ್ ಏರಿಸಲು ಹತ್ತು ಪಟ್ಟು ಶಕ್ತಿ ಬೇಕು, ಹಾಗೆ ಸುರಿದರೂ ಹಳ್ಳ ಹಳ್ಳವಾಗಿಯೇ ಉಳಿಯುತ್ತದೆ. ಪೆಟ್ಟಿಗೆಯನ್ನೋ ಕುರ್ಚಿಯನ್ನೋ ಸರಿಸುವುದೊಂದೇ ಅದಕ್ಕೆ ಮದ್ದು.

ಆಮೇಲೆ ಫೇಸ್, ಅಂದರೆ ಸ್ಪೀಕರ್ ಮತ್ತು ಸಬ್‌ವೂಫರ್‌ಗಳ ಅಲೆಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದು. ಒಂದೇ ಉಯ್ಯಾಲೆಯನ್ನು ಇಬ್ಬರು ಎದುರುಬದುರು ನಿಂತು ಒಂದೇ ಗಳಿಗೆಯಲ್ಲಿ ತಳ್ಳಿದರೆ ಏನಾಗುತ್ತದೋ, ಫೇಸ್ ತಪ್ಪಿದ ಸ್ಪೀಕರ್ ಮತ್ತು ಸಬ್‌ವೂಫರ್ ನಡುವೆ ಆಗುವುದೂ ಅದೇ. ಕ್ರಾಸ್‌ಓವರ್ ಕಂಪನಾಂಕದ ಸ್ವರ ನುಡಿಸುತ್ತ ನೀವು ಕೂತಲ್ಲೇ ಕೂತಿರಿ, ಮನೆಯವರೊಬ್ಬರು 0–180ರ ಗುಂಡಿ ತಿರುಗಿಸಲಿ, ಹೆಚ್ಚು ತುಂಬಿ ಬಂದಲ್ಲಿ ನಿಲ್ಲಿಸಿ. ಗೇನ್ ಕೊನೆಗೆ. ಕಿವಿ ತಗ್ಗಿನ ಶಬ್ದದ ಸಣ್ಣ ಏರಿಕೆಯನ್ನೂ ದೊಡ್ಡದಾಗಿ ಗ್ರಹಿಸುವುದರಿಂದ ಗುಂಡಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋಗಬೇಕು. ಮೊದಲ ಸಂಜೆ ಇಷ್ಟವಾದ ಮಟ್ಟ ಯಾವಾಗಲೂ ಹೆಚ್ಚೇ ಆಗಿರುತ್ತದೆ. ಸ್ವಲ್ಪ ತಗ್ಗಿಸಿ, ವಾರ ಬಿಟ್ಟು ಸ್ವಿಚ್ ಆರಿಸಿ ನೋಡಿ. ಇದ್ದಾಗ ಗಮನಕ್ಕೆ ಬಾರದೆ, ಆರಿಸಿದಾಗ ಕೋಣೆ ಬರಿದಾದಂತೆ ಅನ್ನಿಸಿದರೆ ಅಲ್ಲಿಗೆ ಕೆಲಸ ಮುಗಿಯಿತು.

ಇಷ್ಟಾದ ಮೇಲೂ ಎಲ್ಲಿಂದಲೋ ಝಣಝಣ ಕೇಳಿಸಬಹುದು. 20ರಿಂದ 100 ಹರ್ಟ್ಸ್‌ವರೆಗೆ ನಿಧಾನ ಏರುವ ಸ್ವರ ಹಾಕಿ ಮನೆಯೆಲ್ಲ ಸುತ್ತಿ ಬನ್ನಿ. ಶೋಕೇಸ್‌ನ ಗಾಜು, ಫ್ಯಾನಿನ ಬಟ್ಟಲು, ಸ್ಟೀಲ್ ಬೀರುವಿನ ಬಾಗಿಲು. ನಮ್ಮ ಮನೆಯಲ್ಲಿ ದೇವರಮನೆ ಬಾಗಿಲಿನ ಕಿರುಗಂಟೆಗಳು, ಪೂಜೆಯ ಹೊತ್ತಲ್ಲದ ಹೊತ್ತಿನಲ್ಲಿ.

ಇನ್ನು ಕೆಳಗಿನ ಮನೆಯವರು. "ರಾತ್ರಿ ಇಷ್ಟು ಹೊತ್ತಿನಲ್ಲಿ ರುಬ್ಬುತ್ತೀರಾ ಸರ್?" ಎಂದು ನಮ್ಮ ಕೆಳಗಿನ ಫ್ಲಾಟ್‌ನವರು ಲಿಫ್ಟ್‌ನಲ್ಲಿ ಕೇಳಿದ್ದರು. ಹಾಡು ಅವರಿಗೆ ಕೇಳಿಸಿಯೇ ಇರಲಿಲ್ಲ, ಚಪ್ಪಡಿಯಲ್ಲಿ ಇಳಿದುಹೋದ ಕಂಪನ ಮಾತ್ರ ಕೇಳಿಸಿತ್ತು. ಪೆಟ್ಟಿಗೆಯ ಕಾಲಿಗೆ ಮೆತ್ತನೆಯ ರಬ್ಬರ್ ಹಾಕಿದರೆ ಇದು ತಕ್ಕಮಟ್ಟಿಗೆ ತಗ್ಗುತ್ತದೆ, ಗಾಳಿಯಿಂದ ಗೋಡೆಗೆ ಹೋಗುವುದು ತಗ್ಗುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿ. ಆದರೆ ಅದು 'ಎ' ತೂಕದ ಅಳತೆ, ಅಂದರೆ ಕಿವಿಗೆ ಕಡಿಮೆ ಕೇಳುವ ಕಂಪನಾಂಕಗಳಿಗೆ ಕಡಿಮೆ ಬೆಲೆ ಕೊಡುವಂಥದ್ದು. ಆ ತೂಕ 63 ಹರ್ಟ್ಸ್‌ನಲ್ಲಿ 26 ಡೆಸಿಬೆಲ್, 31.5ರಲ್ಲಿ 39 ಡೆಸಿಬೆಲ್ ಕಳೆದು ಲೆಕ್ಕ ಹಾಕುತ್ತದೆ. ಮೀಟರ್ ನಿಮ್ಮನ್ನು ನಿರಪರಾಧಿ ಎನ್ನುವಾಗಲೂ ಕೆಳಮನೆಯವರ ದಿಂಬು ನಡುಗುತ್ತಿರಬಹುದು. ಹೈ-ಲೆವೆಲ್ ಜೋಡಣೆ ನನಗೆ ಇಷ್ಟವಾಗಲು ಇದೂ ಒಂದು ಕಾರಣ. ಹತ್ತು ಗಂಟೆಗೆ ಸಬ್‌ವೂಫರ್‌ನ ಸ್ವಿಚ್ ಆರಿಸಿದರೆ ಮುಖ್ಯ ಸ್ಪೀಕರ್‌ಗಳು ಮೊದಲಿದ್ದಂತೆಯೇ ಹಾಡುತ್ತಿರುತ್ತವೆ, ಬೇರೆ ಯಾವ ಗುಂಡಿಯನ್ನೂ ಮುಟ್ಟಬೇಕಾಗಿಲ್ಲ. ಹೈ-ಪಾಸ್ ಹಾಕಿಕೊಂಡವರು ಮಾತ್ರ ಅದನ್ನೂ ತೆಗೆಯಬೇಕು, ಇಲ್ಲದಿದ್ದರೆ ಮೃದಂಗದ ಎಡಗೈ ಬೆಳಗಿನವರೆಗೆ ರಜೆಯ ಮೇಲಿರುತ್ತದೆ.